ಗಿಡ ಬೇಡವೆಂದ ಮೇಡಂ

ಸೂಪರ್ ಮಾರ್ಕೆಟ್‌ನಲ್ಲಿ ಕಸಬರಿಗೆ ಕೊಳ್ಳಲು ನಿಂತಿದ್ದೆ. ಒಣಹುಲ್ಲಿನ ವಾಸನೆ ಮೂಗಿಗೆ ಬಡಿಯಿತು. ಎರಡು ಸೀನು ಬಂದವು, ಅವುಗಳ ಹಿಂದೆಯೇ ನಮ್ಮ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಸುಮತಿ ಮೇಡಂ ನೆನಪಾದರು.

ಮೇಡಂ ವನ್ಯಜೀವಿಗಳ ಅಧ್ಯಯನ ಮಾಡುವವರು. ಹುಲಿ, ಆನೆ ಎಂದುಕೊಳ್ಳಬೇಡಿ. ಅವೆಲ್ಲ ನಮ್ಮ ಕಲಬುರಗಿಯ ಹಣೆಯಲ್ಲಿ ಬರೆದಿಲ್ಲ. ಎಂಬತ್ತರ ದಶಕದಿಂದಲೂ ಅವರು ಕಮಲಾಪುರದ ಕಡೆಯ ಬೋಳು ದಿನ್ನೆಗಳಲ್ಲಿ ಚಿಗರಿ ಎನ್ನುವ ಕೃಷ್ಣಮೃಗ ಮತ್ತು ತೋಳಗಳ ಹಿಂದೆ ಅಲೆದವರು. ಹಳ್ಳಿಯವರು ಜಮೀನು ಅಳೆಯಲು ಬಂದವರೆಂದು ತಿಳಿದು ಚಹಾ ಕುಡಿಸುತ್ತಿದ್ದರು. ಮೇಡಂ ಅವರದು ಮೂಗಿನಲ್ಲಿ ಮಾತು, ಮಾತಿಗೊಮ್ಮೆ ಕನ್ನಡಕ ಮೇಲೇರಿಸುವುದು. ನನ್ನಂಥ ಮಿಮಿಕ್ರಿಯವನಿಗೆ ಇನ್ನೇನು ಬೇಕು? ಪರೀಕ್ಷೆಯಲ್ಲಿ ಕಾಣದ ನನ್ನ ಪ್ರತಿಭೆ ಕ್ಯಾಂಟೀನಿನಲ್ಲಿ ಕಾಣುತ್ತಿತ್ತು.

ಒಮ್ಮೆ ಮಹಾಗಾಂವದಲ್ಲಿ ನಮ್ಮ ಕಾಲೇಜಿನ ಶಿಬಿರ. ಊರಾಚೆಯ ಹುಲ್ಲುದಿನ್ನೆಯಲ್ಲಿ ಗುಂಡಿ ತೋಡಿ, ಸಸಿ ಸಾಲಾಗಿಟ್ಟು, ಊರಿನ ಗೌಡರಿಗೆ ಹಾರ ಹಾಕುವಷ್ಟರಲ್ಲಿ ಮೇಡಂ ಬಂದರು.

"ಇಲ್ಲಿ ಗಿಡಾ ಹಚ್ಚಬ್ಯಾಡ್ರಿ."

"ಅಡವಿ ಮೇಡಂ ಆಗಿ ಗಿಡಾ ಬ್ಯಾಡಂತೀರಲ್ರೀ!" ಎಂದು ಗೌಡರು ನಕ್ಕರು. ಊರೇ ನಕ್ಕಿತು. ಮೇಡಂ ಕಾರಣ ಹೇಳಿದರು, ಯಾರೂ ಕಿವಿಗೊಡಲಿಲ್ಲ. ಅಷ್ಟರಲ್ಲಿ ಗೆಳೆಯನೊಬ್ಬ, "ಗೌಡ್ರೇ, ಇಂವಾ ಥೇಟ್ ಮೇಡಂ ಮಾತಾಡ್ದಂಗ ಮಾತಾಡ್ತಾನ್ರಿ" ಎಂದು ನನ್ನನ್ನು ಮುಂದಕ್ಕೆ ತಳ್ಳಿದ.

"ಮಾಡಪಾ ತಮ್ಮಾ, ನೋಡೂಣು."

ಕೇಳಿದರೆ ಬಿಡುವ ಪೈಕಿ ನಾನಲ್ಲ. ಇಲ್ಲದ ಕನ್ನಡಕ ಮೇಲೇರಿಸಿ, ಅವರು ಆಗಷ್ಟೇ ಹೇಳಿದ್ದನ್ನು ಮೂಗಿನಿಂದಲೇ ಒಪ್ಪಿಸಿದೆ: "ಚಿಗರಿ ಬದುಕೂದೇ ಓಡಿ. ತೋಳ ಬರೂದು ದೂರಿಂದ ಕಾಣಬೇಕು. ನಡುವ ಗಿಡಾ ಬೆಳದ್ರ ಅದು ಎಲ್ಲಿ ನೋಡಬೇಕು, ಎಲ್ಲಿ ಓಡಬೇಕು? ಹುಲ್ಲು ಹೋದ್ರ ನಿಮ್ಮ ಕುರಿ ಏನು ತಿನಬೇಕು?"

ನಗು ಚಿಗರಿಯ ತನಕ ಜೋರಾಗಿತ್ತು, ಕುರಿಯ ಹತ್ತಿರ ನಿಂತಿತು. ಗೌಡರು ಒಮ್ಮೆ ದಿನ್ನೆಯತ್ತ ನೋಡಿದರು. "ಖರೇ ಅದಲ್ಲಪಾ... ಸಸಿ ಎಲ್ಲಾ ಸಾಲಿ ಅಂಗಳಕ್ಕ ಒಯ್ರಿ."

ಬೈಸಿಕೊಳ್ಳಲು ತಯಾರಾಗಿ ನಿಂತೆ. ಮೇಡಂ ಕನ್ನಡಕ ಮೇಲೇರಿಸಿದರು. "ಇಷ್ಟು ವರ್ಷ ನಾ ಹೇಳಾಕತ್ತೀನಿ, ಒಬ್ರೂ ಕೇಳಿಲ್ಲ. ನಾಳಿ ಮುಂದಿನ ಊರಿಗೂ ಬಾ."

ಹೋದೆ. ಕೆಲವು ಊರಿನವರು ಕೇಳಿದರು. ಕೆಲವರು ಹೊಟ್ಟೆ ತುಂಬ ನಕ್ಕು, ಗಿಡವನ್ನೂ ನೆಟ್ಟು, ನಮಗೆ ಊಟ ಹಾಕಿ ಕಳಿಸಿದರು. ಮಹಾಗಾಂವದ ದಿನ್ನೆ ಉಳಿಯಿತು. ಮೇಡಂ ನಿವೃತ್ತರಾಗಿ ಪುಣೆಯ ತಂಗಿಯ ಮನೆ ಸೇರಿದರು. ಅವರ ಅಲೆದಾಟ ಹೇಗೋ ನನ್ನ ಪಾಲಿಗೆ ಬಂತು.

ಕಳೆದ ವಾರವೂ ಒಂದೂರಿಗೆ ಹೋಗಿದ್ದೆ. ಅದೇ ಮಾತು, ಅದೇ ದನಿ. ಮೇಡಂರನ್ನು ಕಂಡವರು ಅಲ್ಲಿರಲಿಲ್ಲ, ಯಾರೂ ನಗಲಿಲ್ಲ. ಮುಗಿದ ಮೇಲೆ ಹಿರಿಯರೊಬ್ಬರು ಎದ್ದು ನಿಂತು ಕೇಳಿದರು:

"ಹಂಗಾದ್ರ ಸಸಿ ಎಲ್ಲಿ ಹಚ್ಚೂಣ್ರಿ, ಸರ?"

ಯಾರನ್ನು ಕೇಳುತ್ತಿದ್ದಾರೆಂದು ನಾನು ಹಿಂತಿರುಗಿ ನೋಡಿದೆ.