ಬಿಸಿನೀರಾಗ ತೊಳದ ಬನ್ನಿ

ರೋಣದಾಗ ನಮ್ಮ ಓಣಿಗೆ ನಾನ ಹಿರಿಯಾಕಿ. ದಸರಾ ಸಂಜಿಗೆ ಎಲ್ಲಾರೂ ಬನ್ನಿ ಎಲಿ ನನ್ನ ಕೈಯಾಗಿಟ್ಟು, ‘ಬಂಗಾರ ತಗೊಂಡು ಬಂಗಾರದಾಂಗ ಇರೋಣು’ ಅಂತ ಕಾಲ ಮುಟ್ಟಿ ಹೋಗ್ತಿದ್ರು. ಹ್ವಾದ ವರ್ಷ ಹಂಗ ಬಂದವರಾಗ ಯಾರದೋ ಕೆಮ್ಮು ನನಗ ಹತ್ತಿ, ಎದಿಗೆ ಇಳಿದು ನಿಮೋನಿಯಾ ಆತು. ಗದಗಿನ ದವಾಖಾನ್ಯಾಗ ಆಕ್ಸಿಜನ್ ಹಚ್ಚಿದ್ರು.

ನನಗ ಕೀಲುಬಾವು ಐತಿ. ಇದನ್ನೂ ಬಾತ ಬೆರಳಿಲೆನ ಫೋನಿನ್ಯಾಗ ಒತ್ತಾಕತ್ತೇನಿ. ಡಾಕ್ಟರು ಹೇಳಿದ್ರು: ‘ಅಜ್ಜಿ, ರೋಗ ತಡಿಯೋ ನಿಮ್ಮ ಮೈಯಾಗಿನ ಶಕ್ತಿನ ತಿರುಗಿ ನಿಮ್ಮ ಕೀಲು ತಿನ್ನಾಕತ್ತೈತ್ರಿ. ಅದನ್ನ ತಗ್ಗಸಾಕ ಗುಳಿಗಿ ಕೊಟ್ಟೇವಿ. ಅದು ತಗ್ಗಿದ್ರ ಸಣ್ಣ ನೆಗಡಿನೂ ಜೀವಕ್ಕ ಬರತೈತಿ.’

‘ಹಂಗಾರ ಮೈಯೊಳಗೂ ಒಬ್ಬಾಕಿ ಸೊಸಿ ಅದಾಳೇನ್ರಿ?’ ಅಂದೆ. ಬಾಜೂಕ ನಿಂತ ಸೊಸಿ ನಕ್ಕಳು. ಡಾಕ್ಟರು ನಗಲಿಲ್ಲ.

ಈ ದಸರಾಕ್ಕ ಸೊಸಿ ಬಾಗಲದಾಗ ಪರಾತ ಇಟ್ಟಳು. ಬಂದವರು ಎಲಿ ಅದರಾಗ ಹಾಕಿ, ದೂರದಿಂದ ಕೈ ಮುಗದು ಹ್ವಾದ್ರು. ನಾನು ಒಳಗ ಕಿಡಕಿ ಹಂತೇಕ ಕುಂತಿದ್ದೆ. ಸಣ್ಣಂದಿನಿಂದ ಜೋಡಿ ಬೆಳದ ನನ್ನ ಗೆಳತಿ ಗಜೇಂದ್ರಗಡದಿಂದ ಕೆಮ್ಮಕೋತ ಬಂದಳು. ತಾನು ತಂದ ಎಲಿನೂ ಪರಾತದಾಗ ಹಾಕಿ, ಹೊರಗ ಕಟ್ಟಿಮ್ಯಾಲ ಕುಂತು, ‘ಏನವಾ, ದೇವರಾದೇನ? ಪರಾತದಾಗ ಕಾಣಿಕಿ ಹಾಕಿಸ್ಕೊಳ್ಳಾಕತ್ತಿ’ ಅಂದ್ಲು.

‘ದೇವರ ಹಂತೇಕ ಹೋಗೋದು ಬ್ಯಾಡಂತನ ಒಳಗ ಕುಂತೇನಿ’ ಅಂದೆ.

ಇಬ್ಬರೂ ನಕ್ಕಿವಿ. ನಕ್ಕಿದ್ದಕ್ಕ ಆಕಿಗೆ ಮತ್ತ ಕೆಮ್ಮು ಹತ್ತಿತು. ಸೊಸಿ ಎದ್ದು ಕಿಡಕಿ ಮುಚ್ಚಿದ್ಲು. ಆಕಿ ಹ್ವಾದದ್ದು ನನಗ ಕಾಣಲಿಲ್ಲ.

ಆಮ್ಯಾಲ ಸೊಸಿ ಎಲಿಗೋಳನ್ನ ಬಿಸಿನೀರಾಗ ತೊಳದು ತಂದು ನನ್ನ ಕೈಯಾಗಿಟ್ಟಳು. ಬಂಗಾರ ಮೆತ್ತಗಾಗಿ ಕರ್ರಗಾಗಿತ್ತು. ಅದರಾಗ ಗೆಳತಿ ತಂದ ಎಲಿ ಯಾವುದು ಅಂತ ಗೊತ್ತಾಗಲಿಲ್ಲ.