ಗ್ರೂಪಿಗೆ ಹೋದ ಬೈಗುಳ

ಒಂದೇ ಒಂದು ಗಿಡ ಕೊಳ್ಳಲು ಬರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ನಂದಿ ಬೆಟ್ಟ ನೋಡಿಕೊಂಡು ವಾಪಸು ಹೋಗುವಾಗ ಕಾರು ನಿಲ್ಲಿಸುತ್ತಾರೆ, ನರ್ಸರಿಯನ್ನೆಲ್ಲ ಒಂದು ಸುತ್ತು ಹಾಕುತ್ತಾರೆ, ಕೊನೆಗೆ ಒಂದು ತುಳಸಿ ಗಿಡ ಹಿಡಿದುಕೊಂಡು ಹತ್ತು ಪ್ರಶ್ನೆ ಕೇಳುತ್ತಾರೆ. ದಿನಾ ನೀರು ಹಾಕಬೇಕಾ? ಬಿಸಿಲು ಬೇಕಾ? ಒಣಗಿದರೆ ಬೇರೆ ಕೊಡ್ತೀರಾ? ಒಣಗಿಸುವುದಕ್ಕೇ ಕೊಳ್ಳುತ್ತಿದ್ದೀರಾ ಎಂದು ಕೇಳಿಬಿಡಬೇಕು ಅನ್ನಿಸುತ್ತಿತ್ತು. ಎಷ್ಟೋ ಸಲ ಕೇಳಿಯೂ ಇದ್ದೇನೆ.

ನಮ್ಮದು ಲೋಡಿನ ವ್ಯಾಪಾರ. ದೇವನಹಳ್ಳಿ ದಾಟಿ ಆವತಿ ಕಡೆಗೆ ಹೋಗುವ ದಾರಿಯಲ್ಲಿ, ಮಾವನವರು ದ್ರಾಕ್ಷಿ ಬೆಳೆಯುತ್ತಿದ್ದ ಜಮೀನಿನಲ್ಲಿ ನಾನು ನರ್ಸರಿ ಇಟ್ಟು ಹದಿನಾಲ್ಕು ವರ್ಷವಾಯಿತು. ಲೇಔಟು ಮಾಡುವವರು, ರೆಸಾರ್ಟು ಕಟ್ಟುವವರು ಲಾರಿ ತಂದು ನಿಲ್ಲಿಸಿ, ಪಾಮ್ ಇಷ್ಟು, ಬೇಲಿ ಗಿಡ ಇಷ್ಟು ಎಂದು ತುಂಬಿಸಿಕೊಂಡು ಹೋಗುತ್ತಿದ್ದರು. ಅವರು ಕೇಳುತ್ತಿದ್ದುದು ಎರಡೇ ಮಾತು: ಗಿಡ ಎಷ್ಟು ಅಡಿ, ಬ್ಯಾಗು ಎಷ್ಟು ಇಂಚು. ಹೋದ ಗಿಡ ಬದುಕಿತೇ ಸತ್ತಿತೇ ಎಂದು ನಾನೂ ವಿಚಾರಿಸಿದವಳಲ್ಲ.

ಹೋದ ವರ್ಷ ಎಲ್ಲ ಕಡೆ ಕೆಲಸ ನಿಧಾನವಾಯಿತು. ಕಟ್ಟುವವರ ಕೈ ಬಿಗಿಯಾದರೆ ಅವರು ಸಿಮೆಂಟು ಬಿಡುವುದಿಲ್ಲ, ಕಬ್ಬಿಣ ಬಿಡುವುದಿಲ್ಲ, ಗಿಡ ಬಿಡುತ್ತಾರೆ. ಹಳೆಯ ಗಿರಾಕಿಗಳೆಲ್ಲ ಫೋನು ಮಾಡಿದಾಗ "ಮುಂದಿನ ತಿಂಗಳು ನೋಡಣ ಅಕ್ಕ" ಎನ್ನತೊಡಗಿದರು. ಆ ಮುಂದಿನ ತಿಂಗಳು ನಾಲ್ಕು ತಿಂಗಳಾದರೂ ಬರಲಿಲ್ಲ. ಬ್ಯಾಗಿನಲ್ಲಿದ್ದ ಪಾಮ್‌ಗಳು ಬೇರನ್ನು ನೆಲಕ್ಕೆ ಇಳಿಸಿಕೊಂಡು ಅಲ್ಲೇ ಬೆಳೆಯುತ್ತಾ ನಿಂತವು.

ನಮ್ಮ ಮನೆಯ ಊಟಕ್ಕೇನೂ ತೊಂದರೆ ಇರಲಿಲ್ಲ. ಯಜಮಾನರಿಗೆ ದೊಡ್ಡಬಳ್ಳಾಪುರದ ಕಾರ್ಖಾನೆಯಲ್ಲಿ ಸಂಬಳವಿದೆ, ಜಾಗ ನಮ್ಮದೇ. ನನ್ನ ಸಂಕಟವೆಲ್ಲ ನರ್ಸರಿಯಲ್ಲಿ ಕೆಲಸ ಮಾಡುವ ಮೂವರು ಹೆಂಗಸರದು. ಹಿರಿಯಾಕೆ ಮೊದಲ ದಿನದಿಂದ ಇದ್ದವಳು, ನನಗಿಂತ ಹತ್ತು ವರ್ಷ ದೊಡ್ಡವಳು. ಕವರಿಗೆ ಮಣ್ಣು ಹೇಗೆ ತುಂಬಬೇಕೆಂದು ನನಗೇ ಕಲಿಸಿದಾಕೆ. ಉಳಿದಿಬ್ಬರು ವಾರಗಿತ್ತಿಯರು. ಅವರ ಮಕ್ಕಳು ಇನ್ನೂ ಸ್ಕೂಲಿನಲ್ಲಿದ್ದಾರೆ. ಮಾಡಿಸಲು ಕೆಲಸವಿಲ್ಲದೆ ನಾನು ಅವರ ಕೈಲಿ ಗುಡಿಸಿದ ಜಾಗವನ್ನೇ ಗುಡಿಸಿಸುತ್ತಿದ್ದೆ. ಯಜಮಾನರು, "ಹೇಳಿಬಿಡು, ಅವರೂ ಬೇರೆ ಕಡೆ ನೋಡಿಕೊಳ್ಳಲಿ" ಎಂದು ಎರಡು ಸಲ ಹೇಳಿದರು. ಹೇಳುವುದಕ್ಕೆ ನನಗೆ ಧೈರ್ಯವಿರಲಿಲ್ಲ. ಊರಿಗೆಲ್ಲ ಬಾಯಿ ಮಾಡುವ ನಾನು ಅವರ ಮುಖ ನೋಡಿದ ಕೂಡಲೇ ಬೇರೆ ಮಾತು ತೆಗೆಯುತ್ತಿದ್ದೆ.

ಆಗ ನನ್ನ ತಂಗಿಯ ಮಗಳು ಬಂದಳು. ದೇವನಹಳ್ಳಿಯಲ್ಲಿ ಟೀಚರು. "ದೊಡ್ಡಮ್ಮ, ಈಗೆಲ್ಲ ವ್ಯಾಪಾರ ಫೋನಲ್ಲೇ. ಅಪಾರ್ಟ್‌ಮೆಂಟ್ ಜನ ಗಿಡ ಹುಚ್ಚು ಹಿಡಿಸ್ಕೊಂಡವ್ರೆ, ಅವರಿಗೆ ಮಾರಿ" ಅಂದಳು. ಅಂದರೆ ಆ ಒಂದು ಗಿಡದವರಿಗೆ! ಬೇರೆ ದಾರಿ ಇರಲಿಲ್ಲ, ಒಪ್ಪಿಕೊಂಡೆ. ಮೊದಲ ಜಾಹೀರಾತನ್ನು ನಾನೇ ಬರೆದೆ: ಪಾಮ್, ಎಂಟು ಅಡಿ, ದೊಡ್ಡ ಬ್ಯಾಗು, ಲಾರಿ ಬಾಡಿಗೆ ಬೇರೆ. ಹುಡುಗಿ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಾಲ್ಕನಿಯಲ್ಲಿ ಎಂಟು ಅಡಿ ಪಾಮ್ ಇಟ್ಟರೆ ಮನೆಯವರು ಎಲ್ಲಿರಬೇಕು ಎಂದು ಕೇಳಿದಳು. ಆಮೇಲೆ ಅವಳೇ ಶುರು ಮಾಡಿದಳು. ದಾಸವಾಳದ ಫೋಟೋ, ಹಿಂದೆ ಕೊಳಲಿನ ನಾದ, ಕೆಳಗೆ "ನಿಮ್ಮ ಮನೆಗೊಂದು ಹಸಿರು ಮುಗುಳ್ನಗೆ". ದಿನಾ ಒಂದು. ನೋಡಿದವರು ಹೃದಯ ಒತ್ತಿದರು, ಕೈ ಮುಗಿಯುವ ಚಿತ್ರ ಕಳಿಸಿದರು. ಗಿಡ ಬೇಕೆಂದು ಒಬ್ಬರೂ ಬರಲಿಲ್ಲ. ಗಿಡ ಯಾವತ್ತು ಮುಗುಳ್ನಕ್ಕಿದ್ದು ನೀನು ನೋಡಿದ್ದೀಯೇ ಎಂದು ನಾನು ಅವಳ ಮೇಲೆ ರೇಗಿದೆ. ಪಾಪ, ಅವಳದೇನು ತಪ್ಪು.

ಏರ್‌ಪೋರ್ಟ್ ರಸ್ತೆಯ ದೊಡ್ಡ ಅಪಾರ್ಟ್‌ಮೆಂಟೊಂದರ ಗಿಡಪ್ರಿಯರ ಗ್ರೂಪಿಗೆ ನನ್ನನ್ನು ಸೇರಿಸಿದ್ದೂ ಅವಳೇ, ಯಾರೋ ಪೋಷಕರನ್ನು ಕೇಳಿಕೊಂಡು. ಅಲ್ಲಿ ಮಾರುವವರು ಭಾನುವಾರ ಮಾತ್ರ ಬಾಯಿ ತೆರೆಯಬೇಕು, ಮಿಕ್ಕ ದಿನ ಸುಮ್ಮನಿರಬೇಕು ಎಂಬ ನಿಯಮ. "ಇದೊಂದು ಗ್ರೂಪು ಕೈ ಹಿಡಿದ್ರೆ ಸಾಕು ದೊಡ್ಡಮ್ಮ. ಅಲ್ಲಿ ಮಾತ್ರ ನಯವಾಗಿರಿ" ಎಂದು ಎಚ್ಚರಿಸಿದ್ದಳು. ಎರಡು ಭಾನುವಾರ ನರ್ಸರಿಯ ವಿಳಾಸ ಹಾಕಿ ನಯವಾಗಿದ್ದೆ. ಏನೂ ಆಗಲಿಲ್ಲ. ಬರುವ ಶನಿವಾರ ಸಾಯಂಕಾಲ, ವಾರದ ಕೂಲಿ ಕೊಡುವಾಗ, ಮೂವರಿಗೂ ಹೇಳಿಬಿಡುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡೆ.

ಆ ಗುರುವಾರ ಬೆಳಗ್ಗೆ ಗ್ರೂಪಿನಲ್ಲಿ ಒಬ್ಬಾಕೆ ಮಲ್ಲಿಗೆ ಗಿಡದ ಫೋಟೋ ಹಾಕಿದಳು. ವರ್ಷವಾಯಿತು, ಹೂವೇ ಇಲ್ಲ, ಏನು ಹಾಕಲಿ ಎಂದು ಕೇಳಿದ್ದಳು. ಟಿವಿಯ ಪಕ್ಕ ಹೊಳೆಯುವ ಪಿಂಗಾಣಿ ಕುಂಡ, ಅದರಲ್ಲಿ ಹಳದಿ ತಿರುಗಿದ ನಾಲ್ಕು ಕಡ್ಡಿ, ಮಣ್ಣಿನ ಮೇಲೆ ಮೊಟ್ಟೆ ಸಿಪ್ಪೆ, ಅದರ ಮೇಲೆ ನಿಂತ ನೀರು. ಕೆಳಗೆ ಉಪದೇಶವೋ ಉಪದೇಶ. ಒಬ್ಬರು ಮಜ್ಜಿಗೆ ಅಂದರು, ಒಬ್ಬರು ಅಕ್ಕಿ ತೊಳೆದ ನೀರು, ಇನ್ನೊಬ್ಬರು ಬಾಳೆಹಣ್ಣಿನ ಸಿಪ್ಪೆ, ಮತ್ತೊಬ್ಬರು ಕಾಫಿ ಚರಟ. ಆಕೆ ಎಲ್ಲರಿಗೂ "ಅದನ್ನೂ ಹಾಕಿದ್ದೀನಿ" ಎಂದು ಉತ್ತರ ಕೊಟ್ಟಿದ್ದಳು. ನನಗೆ ತಲೆಗೆ ಏರಿತು. ತಂಗಿಯ ಮಗಳಿಗೆ ಹೇಳಿಕೊಂಡಾದರೂ ಹಗುರಾಗೋಣ ಎಂದು ವಾಯ್ಸ್ ಮೆಸೇಜು ಒತ್ತಿದೆ:

"ಅಯ್ಯೋ ಶಿವನೇ, ಈ ಯಮ್ಮ ಮಲ್ಲಿಗೆ ಗಿಡಕ್ಕೆ ಏನ್ ಮಾಡವ್ಳೆ ನೋಡೇ! ಮೊಟ್ಟೆ ಸಿಪ್ಪೆಯಂತೆ, ಮಜ್ಜಿಗೆಯಂತೆ, ಕಾಫಿ ಚರಟವಂತೆ! ಗಿಡ ಸಾಕವ್ಳೋ, ಹೋಟ್ಲು ಮಡಗವ್ಳೋ? ಮೇಲೆ ನೀರು ನಿಂತದೆ, ತಳದಲ್ಲಿ ತೂತಿದ್ರೆ ಹಂಗೆ ನಿಲ್ತಿತ್ತಾ? ಒಂದು ವರ್ಷ ಕೆಸರಲ್ಲಿ ಕಾಲು ಮುಳುಗಿಸ್ಕೊಂಡು ಈ ಯಮ್ಮ ನಿಂತ್ಕೊಳ್ಲಿ ನೋಡಣ, ಹೂ ಬಿಡ್ತಾಳಾ? ಟಿವಿ ನೋಡೋಕೆ ಅದೇನು ಅವ್ರತ್ತೆನಾ? ಬಿಸಿಲಿಗಿಡೋದು ಬಿಟ್ಟು! ಎಲ್ರೂ ಸೇರ್ಕೊಂಡು ಉಪಚಾರ ಮಾಡಿ ಮಾಡಿ ಒಂದು ಜೀವ ತೆಗೀತಾವ್ರೆ ಕಣೇ!"

ಹಿಂದೆ ವಾರಗಿತ್ತಿಯರಿಬ್ಬರೂ ಕಿಸಕಿಸ ನಗುವುದು ಕೂಡ ಅದರಲ್ಲಿ ಸೇರಿತು. ಕಳಿಸಿ, ಫೋನು ಗೂಟಕ್ಕೆ ತಗುಲಿಸಿದ್ದ ಚೀಲದಲ್ಲಿಟ್ಟು, ನೀರು ಬಿಡಲು ಹೋದೆ. ಮನಸ್ಸು ನಿಜವಾಗಿಯೂ ಹಗುರಾಗಿತ್ತು.

ಮಧ್ಯಾಹ್ನ ಸ್ಕೂಲಿನ ಬಿಡುವಿನಲ್ಲಿ ಹುಡುಗಿಯ ಫೋನು. "ದೊಡ್ಡಮ್ಮ, ಏನ್ ಮಾಡ್ಬಿಟ್ರಿ?" ನಾನು ಫೋಟೋ ನೋಡುತ್ತಿದ್ದ ಗ್ರೂಪಿನಿಂದ ಆಚೆಗೆ ಬಾರದೆ ಅಲ್ಲೇ ವಾಯ್ಸ್ ಮೆಸೇಜು ಒತ್ತಿದ್ದೆ. ಇಡೀ ಬೈಗುಳ ಗ್ರೂಪಿಗೇ ಹೋಗಿತ್ತು. ಅಲ್ಲಿಂದ ಬೇರೆ ಗ್ರೂಪುಗಳಿಗೂ ಹೋಗಿತ್ತು. ಅಳಿಸಿ ಪ್ರಯೋಜನವಿಲ್ಲ ಎಂದಳು. ಇದ್ದ ಒಂದೇ ದಾರಿಯನ್ನು ನಾನೇ ನನ್ನ ಬಾಯಿಂದ ಮುಚ್ಚಿಕೊಂಡಿದ್ದೆ. ಗ್ರೂಪು ತೆರೆದು ನೋಡುವ ಧೈರ್ಯವೂ ಆಗಲಿಲ್ಲ. ಶುಕ್ರವಾರವಿಡೀ ಫೋನು ಚೀಲದಲ್ಲೇ ಇತ್ತು. ಶನಿವಾರ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೇಳಿ ನೋಡಿಕೊಂಡೆ. ಹೇಗೆ ಹೇಳಿದರೂ ಅದು ಕೆಟ್ಟದಾಗಿಯೇ ಕೇಳಿಸಿತು.

ಶನಿವಾರ ಹತ್ತು ಗಂಟೆಗೆ ಒಂದು ಕಾರು ಬಂದು ಗೇಟಿನ ಮುಂದೆ ನಿಂತಿತು. ಮೂವತ್ತೈದರ ಆಸುಪಾಸಿನ ಹೆಂಗಸು ಇಳಿದಳು. ಎರಡೂ ಕೈಯಲ್ಲಿ ಎದೆಗವಚಿ ಹಿಡಿದಿದ್ದ ಪಿಂಗಾಣಿ ಕುಂಡವನ್ನು ನಾನು ದೂರದಿಂದಲೇ ಗುರುತಿಸಿದೆ. ಜಗಳಕ್ಕೇ ಬಂದಿದ್ದಾಳೆ! ಯಾರಿಗೂ ಹೆದರದವಳೆಂದು ಹೆಸರು ಮಾಡಿದ ನಾನು, ನಾಚಿಕೆಯಿಲ್ಲದೆ ಹೇಳುತ್ತೇನೆ, ತೆಂಗಿನ ನಾರಿನ ಪುಡಿಯ ರಾಶಿಯ ಹಿಂದೆ ಹೋಗಿ ಕೂತೆ. "ಇಲ್ಲ ಅಂತ ಹೇಳಕ್ಕಾ" ಎಂದು ಹಿರಿಯಾಕೆಗೆ ಸನ್ನೆ ಮಾಡಿದೆ. ಆ ಪುಣ್ಯಾತ್ಗಿತ್ತಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಅಗೋ, ಅಲ್ಲಿ ಕುಂತವ್ರೆ" ಎಂದು ತೋರಿಸಿಬಿಟ್ಟಳು.

ಸೆರಗು ಕೊಡವಿಕೊಂಡು ಎದ್ದು ನಿಂತೆ.

"ನನಗೆ ಬೈದಿದ್ದು ನೀವೇ ಅಲ್ವಾ?" ಎಂದಳು ಆಕೆ.

"ನಾನೇ. ತಪ್ಪಾಯ್ತು ಕಣಮ್ಮ. ನಿಮಗೆ ಕಳಿಸಿದ್ದಲ್ಲ ಅದು."

"ತಪ್ಪೇನು ಬಂತು? ಒಂದು ವರ್ಷದಿಂದ ಎಲ್ಲರೂ ಕುಂಡ ಚೆನ್ನಾಗಿದೆ, ಕುಂಡ ಚೆನ್ನಾಗಿದೆ ಅಂದ್ರು. ಗಿಡ ಸಾಯ್ತಿದೆ ಅಂತ ಒಬ್ಬರೂ ಹೇಳ್ಲಿಲ್ಲ. ಇದನ್ನ ಉಳಿಸಿ ಕೊಡ್ತೀರಾ?"

ಅಷ್ಟರಲ್ಲಿ ಹಿರಿಯಾಕೆ ಕುಂಡ ಇಸಿದುಕೊಂಡು, ಬೋರಲು ಹಾಕಿ, ಅಂಚಿಗೆ ಎರಡು ಏಟು ಕೊಟ್ಟಳು. ಮಣ್ಣಿನ ಸಮೇತ ಗಿಡ ಅವಳ ಕೈಗೆ ಬಿತ್ತು. ಹುಳಿ ಮಜ್ಜಿಗೆಯ ವಾಸನೆ ಹೊಡೆಯಿತು. ಕೊಳೆತ ಬೇರನ್ನೆಲ್ಲ ಬಿಡಿಸಿ ತೆಗೆದು, ಒಂದು ಮೂಲೆಯಲ್ಲಿ ಬೆಳ್ಳಗೆ ಉಳಿದಿದ್ದ ಬೇರನ್ನು ಬೆರಳ ತುದಿಯಲ್ಲಿ ತೋರಿಸಿ, "ಅದೆ, ಜೀವ ಅದೆ" ಅಂದಳು. ಕುಂಡ ತಂದವಳ ಮುಖ ನೋಡಬೇಕಿತ್ತು. ಆಸ್ಪತ್ರೆಯ ಹೊರಗೆ ಕಾದವರಿಗೆ ಡಾಕ್ಟರು ಬಂದು ಹೇಳಿದಂತಾಗಿತ್ತು.

ಗಿಡವನ್ನು ಮಣ್ಣಿನ ಕುಂಡಕ್ಕೆ ಬದಲಾಯಿಸುವ ತನಕ ಆಕೆ ಕಟ್ಟೆಯ ಮೇಲೆ ಕೂತು ಮಾತಾಡಿದಳು. ಮೂರು ತಿಂಗಳಿಂದ ಮನೆಯಲ್ಲೇ ಇದ್ದಾಳಂತೆ. ಕೆಲಸದಿಂದ ತೆಗೆದರಂತೆ. "ಮನೇಲಿ ಕೂತು ಕೂತು ಗಿಡಕ್ಕೆ ಏನೇನೋ ಸುರಿದೆ ಅಕ್ಕ" ಎಂದು ನಕ್ಕಳು.

ನಾನು ಕೇಳಬಾರದಿತ್ತು, ಕೇಳಿದೆ. "ಅವರು ಹೆಂಗೆ ಹೇಳಿದ್ರಮ್ಮ, ಬರಬೇಡಿ ಅಂತ?"

"ಫೋನಲ್ಲೇ. ತುಂಬಾ ನಯವಾಗಿ. ಅವರ ಮೇಲೆ ಕೂಗಾಡೋಕೂ ಆಗದಷ್ಟು ನಯವಾಗಿ."

ಆಕೆ ಹೋಗುವಾಗ ಮಲ್ಲಿಗೆಯ ಜೊತೆಗೆ ದಾಸವಾಳ, ದೊಡ್ಡಪತ್ರೆ ತೆಗೆದುಕೊಂಡಳು. ಆಕೆಯ ಕಾರು ತಿರುಗುವ ಮೊದಲೇ ಇನ್ನೊಂದು ಬಂತು. ಅದರಿಂದ ಇಳಿದ ಗಂಡ ಹೆಂಡತಿಯ ಕೈಯಲ್ಲಿ ಬೋಳು ಕರಿಬೇವಿನ ಗಿಡ. "ನಮಗೂ ಸ್ವಲ್ಪ ಬೈರಿ" ಎಂದ ಗಂಡ. ನಾನು ಬೈದೆ. ಕರಿಬೇವಿಗೆ ಅಂಗುಷ್ಠದಷ್ಟು ಡಬ್ಬಿ ಕೊಟ್ಟಿದ್ದರು, ಬೈಯದೆ ಇನ್ನೇನು ಮಾಡಲಿ? ಸಾಯಂಕಾಲದವರೆಗೆ ಒಬ್ಬರಲ್ಲ ಒಬ್ಬರು ಬರುತ್ತಲೇ ಇದ್ದರು, ತೊಡೆಯ ಮೇಲೆ ಕಾಯಿಲೆ ಬಿದ್ದ ಗಿಡ ಇಟ್ಟುಕೊಂಡು. ನಮ್ಮ ಮೂವರು ಹೆಂಗಸರು ಊಟಕ್ಕೂ ಸರಿಯಾಗಿ ಕೂರಲಿಲ್ಲ. ಐದೂವರೆಗೆ ಕೂಲಿ ಕೊಟ್ಟೆ. ಗಟ್ಟಿ ಮಾಡಿಕೊಂಡಿದ್ದ ಮಾತನ್ನು ಹೇಳಲಿಲ್ಲ. "ನಾಳೆ ಭಾನುವಾರನೂ ಬರ್ತೀರೇನ್ರೇ? ಜನ ಬರೋ ಹಂಗದೆ" ಎಂದೆ. ಅವರು ಗೇಟು ದಾಟಿದ ಮೇಲೆ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು ಅತ್ತುಬಿಟ್ಟೆ. ದುಃಖಕ್ಕಲ್ಲ. ನಾಲ್ಕು ತಿಂಗಳಿಂದ ಎದೆಯ ಮೇಲೆ ಕೂತಿದ್ದು ಎದ್ದು ಹೋಗಿತ್ತು.

ಈಗ ಏಳು ತಿಂಗಳಾಯಿತು. ಲಾರಿಗಳು ಮೊದಲಿನಂತೆ ಇನ್ನೂ ಬರುತ್ತಿಲ್ಲ. ಒಂದು ಗಿಡದವರೇ ನಮ್ಮನ್ನು ನಡೆಸುತ್ತಿದ್ದಾರೆ. ದಿನಾ ಬೆಳಗ್ಗೆ ಅರ್ಧ ಗಂಟೆ ಜನ ಕಳಿಸಿದ ಫೋಟೋ ನೋಡಿ ನಾನು ಬಾಯಿಗೆ ಬಂದದ್ದು ಹೇಳುತ್ತೇನೆ, ಹುಡುಗಿ ಅದನ್ನು ಹಾಗೇ ಹಾಕುತ್ತಾಳೆ. ಕೊಳಲನ್ನು ನಿಲ್ಲಿಸಿದ್ದಾಳೆ. ಗಿಡ ಬದಲಾಯಿಸುವುದು, ಬೇರು ಬಿಡಿಸುವುದು, ಮಣ್ಣು ಹದ ಮಾಡುವುದು, ಮೂವರಿಗೂ ಕೈತುಂಬ ಕೆಲಸ. ಮಳೆ ಹಿಡಿದ ವಾರ ಯಾರೂ ಬರುವುದಿಲ್ಲ, ಆಗ ಮತ್ತೆ ಸ್ವಲ್ಪ ಹೆದರುತ್ತೇನೆ. ಆದರೆ ಮೊದಲಿನಂತೆ ಅಲ್ಲ.

ಹೋದ ವಾರ ಊಟದ ಹೊತ್ತಿನಲ್ಲಿ ಹಿರಿಯಾಕೆ ಒಬ್ಬಳೇ ನನ್ನ ಪಕ್ಕ ಕೂತಿದ್ದಳು. ಯಾಕೋ ಇನ್ನು ಮುಚ್ಚಿಡುವುದು ಬೇಡ ಅನ್ನಿಸಿತು.

"ಅಕ್ಕಾ, ಆ ಮಲ್ಲಿಗೆ ಯಮ್ಮ ಬಂದಿದ್ದ ಶನಿವಾರ, ಸಾಯಂಕಾಲ ನಿಮ್ ಮೂರು ಜನಕ್ಕೂ ನಾಳೆಯಿಂದ ಬರಬ್ಯಾಡಿ ಅನ್ನಣ ಅಂತಿದ್ದೆ."

ಅವಳು ಮುದ್ದೆ ಮುರಿಯುತ್ತಲೇ, "ಗೊತ್ತಿತ್ತು ಕಣಮ್ಮ" ಅಂದಳು.

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ನಾಕು ತಿಂಗ್ಳು ನೀನು ಹೊಸ ಕವರು ತರಿಸ್ಲಿಲ್ಲ. ನಮ್ಗೆ ಬೈಯೋದನ್ನೂ ಬಿಟ್ಬಿಟ್ಟಿದ್ದೆ. ಅವ್ರಿಬ್ರಿಗೆ ಚಿಕ್ಕ ಮಕ್ಳವೆ. ನಂಗೆ ಮಂಡಿ ನೋವು, ಇನ್ನು ಕೈಲಾಗಲ್ಲ ಅಂತ ಹೇಳಿ ಆವತ್ತು ನಾನೇ ಕೆಲ್ಸ ಬಿಟ್ಬಿಡಣ ಅಂತಿದ್ದೆ. ನಿನ್ ಬಾಯಲ್ಲಿ ಆ ಮಾತು ಬರ್ಬಾರ್ದು ಅಂತ."

"ಮಂಡಿ ನೋವಾ? ನಂಗೆ ಹೇಳೇ ಇಲ್ವಲ್ಲಕ್ಕ."

"ಎಲ್ಲಿ ಅದೆ ನೋವು?" ಎಂದು ನಕ್ಕು, ಕೂತಲ್ಲಿಂದ ಕೈಯೂರದೆ ಎದ್ದು, ತಟ್ಟೆ ತೊಳೆಯಲು ನಲ್ಲಿಯ ಕಡೆ ಹೋದಳು.

ಆ ನಾಲ್ಕು ತಿಂಗಳು ಹೆದರಿದವಳು ನಾನೊಬ್ಬಳೇ ಎಂದು ತಿಳಿದಿದ್ದೆ.