ಕುಳ್ಳಿನ ಗೋಡೆಗೆ ಬಂದ ಬಹುಮಾನ

ನಿಪ್ಪಾಣಿಯ ಆ ಓಣಿಯಲ್ಲಿ ತುಳಸವ್ವನ ಕುಳ್ಳಿಗೆ ಇದ್ದ ಹೆಸರು ದೊಡ್ಡ ದೊಡ್ಡ ಮನೆತನಗಳಿಗೂ ಇರಲಿಲ್ಲ. ಎಮ್ಮೆಯ ಸೆಗಣಿಗೆ ಹೊಟ್ಟು ಬೆರೆಸಿ, ಹದವಾಗಿ ಕಲಸಿ, ಉಂಡೆ ಕಟ್ಟಿ ಗೋಡೆಗೆ ಬೆರಣಿ ಬಡಿದಳೆಂದರೆ ಅದು ಒಣಗುವತನಕ ಅಲ್ಲಾಡುತ್ತಿರಲಿಲ್ಲ. ಪ್ರತಿಯೊಂದರ ಮೇಲೂ ಅವಳ ಐದು ಬೆರಳು ಅಚ್ಚೊತ್ತಿದಂತೆ ಮೂಡಿರುತ್ತಿದ್ದವು. ಗಂಡ ತೀರಿಕೊಂಡ ಮೇಲೆ ಎರಡು ಎಮ್ಮೆ ಕಟ್ಟಿ, ಹಾಲು ಮಾರಿ ಮಗಳು ರುಕ್ಮಾಳನ್ನು ಅಥಣಿ ಕಡೆ ಕೊಟ್ಟು ಮದುವೆ ಮಾಡಿದ ಹೆಂಗಸು ಅವಳು. ಯಾರ ಮುಂದೂ ಕೈ ಚಾಚಿದವಳಲ್ಲ. ಅವಳು ಎರವಲು ಪಡೆದದ್ದು ಒಂದೇ ಒಂದು, ಮನೆಯ ಎದುರಿನ ವಖಾರದ ಗೋಡೆ.

ಒಂದು ಕಾಲಕ್ಕೆ ಆ ವಖಾರದಲ್ಲಿ ತಂಬಾಕಿನ ಚೀಲಗಳು ಸೂರು ಮುಟ್ಟುವಂತೆ ತುಂಬಿರುತ್ತಿದ್ದವು. ಅದರ ಮಾಲೀಕರಾದ ತಾತ್ಯಾಸಾಹೇಬ ಮತ್ತು ಬಾಬಾಸಾಹೇಬ ಎಂಬ ಅಣ್ಣತಮ್ಮಂದಿರು ಪಾಲಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದರು. ಅಣ್ಣ ಬಾಗಿಲಿಗೆ ಒಂದು ಬೀಗ ಹಾಕಿದ. ತಮ್ಮ ಅದರ ಮೇಲೆ ಇನ್ನೊಂದು ಹಾಕಿದ. ಅಂದಿನಿಂದ ಒಳಗೆ ಹೆಗ್ಗಣಗಳ ಸಂಸಾರ, ಹೊರಗೆ ತುಳಸವ್ವನ ಕುಳ್ಳು. ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೆ ಬಿಸಿಲು ಕಾಯುವ ಅಂಥ ಗೋಡೆ ಆ ಓಣಿಯಲ್ಲಿ ಮತ್ತೊಂದಿರಲಿಲ್ಲ.

ಎಂಬತ್ತೇಳನೇ ಇಸವಿಯ ಚಳಿಗಾಲ. ಓಣಿಯ ತುದಿಯ ಹೈಸ್ಕೂಲಿಗೆ ಮೇಲಿನಿಂದ ಒಂದು ಸುತ್ತೋಲೆ ಬಂತು. ಮಕ್ಕಳು ತಮ್ಮ ಪರಿಸರದ ಪಾಳು ಕಟ್ಟಡವೊಂದನ್ನು ನೋಡಿ ಚಿತ್ರ ಬರೆಯಬೇಕು, ಜಿಲ್ಲಾ ಪ್ರದರ್ಶನಕ್ಕೆ ಕಳಿಸಬೇಕು. ಡ್ರಾಯಿಂಗ್ ಮಾಸ್ತರರಾದ ಪಾರಿಸ ಉಪಾಧ್ಯೆಯವರಿಗೆ ಹೋದ ಜೀವ ಬಂದಂತಾಯಿತು. ಆ ಶಾಲೆಯ ಮಕ್ಕಳು ವರ್ಷಾನುಗಟ್ಟಲೆ ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕಕ್ಕೊಂದು ತೆಂಗಿನ ಮರ ಬರೆದೇ ಪಾಸಾಗುತ್ತಿದ್ದರು. ನಿಪ್ಪಾಣಿಯಲ್ಲಿ ಅಂಥ ಸೂರ್ಯನನ್ನು ಯಾರೂ ಕಂಡಿರಲಿಲ್ಲ. ಮಾಸ್ತರರು ಎಂಟನೇ ಇಯತ್ತೆಯನ್ನು ಸಾಲಾಗಿ ಕರೆತಂದು ವಖಾರದ ಮುಂದೆ ಕೂರಿಸಿದರು.

"ಈ ಪಾಳಬಿದ್ದ ಕಟ್ಟಡ ನೋಡಿ, ಇದ್ದದ್ದು ಇದ್ದಂಗ ತಗೀರಿ" ಎಂದರು.

ಹಾಲಿನ ಚರಿಗೆ ತೊಳೆಯುತ್ತಿದ್ದ ತುಳಸವ್ವ ತಲೆ ಎತ್ತಿದಳು. "ಪಾಳಬಿದ್ದದ್ದು ಯಾರಿಗ್ರಿ ಮಾಸ್ತರ? ನನಗಂತೂ ಬಿದ್ದಿಲ್ರಿ."

ಮಕ್ಕಳು ಇದ್ದದ್ದನ್ನು ಇದ್ದ ಹಾಗೆಯೇ ಬರೆದರು. ಹಾಳೆಗಳನ್ನು ಒಂದಕ್ಕೊಂದು ಅಂಟಿಸಿದಾಗ ದೊಡ್ಡದೊಂದು ಗೋಡೆ, ಅದರ ತುಂಬ ಸಾಲು ಸಾಲು ಕುಳ್ಳು, ಕುಳ್ಳಿಗೆ ಐದೈದು ಬೆರಳು. ಬೆಳಗಾವಿಯ ಪ್ರದರ್ಶನದಲ್ಲಿ ಅದಕ್ಕೆ ಮೊದಲ ಬಹುಮಾನ ಬಂತು. ವೃತ್ತಗಳು ಕಾಲಚಕ್ರದ ಸಂಕೇತ, ಐದು ಬೆರಳು ಪಂಚಮಹಾಭೂತಗಳ ಸಂಕೇತ ಎಂದು ಪರೀಕ್ಷಕರು ಭಾಷಣ ಮಾಡಿದರಂತೆ. ಈ ಸುದ್ದಿ ಕೇಳಿ ತುಳಸವ್ವ ತನ್ನ ಅಂಗೈಯನ್ನೊಮ್ಮೆ ತಿರುಗಿಸಿ ನೋಡಿಕೊಂಡಳು.

"ನನಗ ಆರು ಬೆರಳ ಇದ್ದಿದ್ರ ಪಾಪ, ಅವ್ರೇನ ಮಾಡತಿದ್ರೋ."

ಬಹುಮಾನ ಬಂದದ್ದರಿಂದ ಯಾರಿಗೂ ತೊಂದರೆ ಇರಲಿಲ್ಲ. ತೊಂದರೆ ಶುರುವಾದದ್ದು ಮುಖ್ಯಾಧ್ಯಾಪಕ ವಿರುಪಾಕ್ಷಪ್ಪನವರಿಗೆ ಅಭಿಮಾನ ಉಕ್ಕಿದಾಗ. ಇಂಥ ಕಲೆ ಹಾಳೆಯ ಮೇಲಷ್ಟೇ ಉಳಿದರೆ ಹೇಗೆ, ಗೋಡೆಯ ಮೇಲೆಯೇ ಶಾಶ್ವತವಾಗಬೇಕು ಎಂದು ಅವರು ಪಣ ತೊಟ್ಟರು. ಒಪ್ಪಿಗೆ ಕೇಳಿದಾಗ ಅಣ್ಣ "ಹರಕತ್ತಿಲ್ಲ" ಎಂದ, ತಮ್ಮನೂ "ಹರಕತ್ತಿಲ್ಲ" ಎಂದ. ಇಬ್ಬರೂ ತಾನೊಬ್ಬನೇ ಮಾಲೀಕ ಎಂದು ಬೇರೆ ಬೇರೆ ಸಹಿ ಮಾಡಿಕೊಟ್ಟರು. ಹೋಳಿ ಮುಗಿದ ವಾರವೇ ಗೋಡೆಯ ಮೇಲಿದ್ದ ಕುಳ್ಳನ್ನೆಲ್ಲ ಹಾರೆಯಿಂದ ಕೆರೆದು ಹಾಕಿದರು. ಸುಣ್ಣ ಬಳಿದರು. ಆ ಸುಣ್ಣದ ಮೇಲೆ ಕೆಮ್ಮಣ್ಣು ಮತ್ತು ಮಸಿಯಿಂದ ಕುಳ್ಳಿನ ಚಿತ್ರ ಬರೆಸಿದರು. ಪಕ್ಕದಲ್ಲಿ ತಗಡಿನ ಫಲಕ ನೆಟ್ಟರು: 'ಇದು ಕಲೆಯ ಗೋಡೆ. ಇಲ್ಲಿ ಕುಳ್ಳು ಬಡಿಯಬಾರದು.'

ಅದೇ ಹೊತ್ತಿಗೆ ಅಥಣಿಯಿಂದ ಸುದ್ದಿ ಬಂದಿತ್ತು. ರುಕ್ಮಾಗೆ ದಿನ ತುಂಬುವುದು ಜೂನ್ ತಿಂಗಳ ಮಿರಗದ ಮಳೆಯ ಹೊತ್ತಿಗೆ. ಬಾಣಂತನ ತವರಿನಲ್ಲೇ. ಬಾಣಂತಿಗೆ, ಕೂಸಿಗೆ ದಿನವೂ ಹಂಡೆಗಟ್ಟಲೆ ಸುಡುನೀರು ಬೇಕು. ಆ ಬೇಸಿಗೆಯಲ್ಲಿ ಒಣಗಿದ ಕುಳ್ಳು ಒಟ್ಟಿಡದಿದ್ದರೆ ಮಳೆಗಾಲದಲ್ಲಿ ಹಸಿ ಕಟ್ಟಿಗೆ ಊದುತ್ತ ಕೂರಬೇಕು. ತುಳಸವ್ವನಿಗೆ ರುಕ್ಮಾಳಿಗಿಂತ ಮೊದಲು ಗಂಡು ಕೂಸೊಂದು ಹುಟ್ಟಿತ್ತು. ಜಡಿಮಳೆಯಲ್ಲಿ ಒಲೆ ಹತ್ತದೆ, ಥಂಡಿ ಹಿಡಿದು, ಅದು ಉಳಿಯಲಿಲ್ಲ. ಅವಳು ಅದನ್ನು ಯಾರ ಮುಂದೂ ಆಡುತ್ತಿರಲಿಲ್ಲ. ಆದರೆ ಬೇಸಿಗೆ ಬಂತೆಂದರೆ ಕುಳ್ಳಿನ ಒಟ್ಟಿಲು ಎತ್ತರವಾಗುವತನಕ ಅವಳಿಗೆ ಊಟ ಸೇರುತ್ತಿರಲಿಲ್ಲ.

ಅವಳು ಸೆರಗು ಹೊದ್ದು ಹೆಡ್‌ಮಾಸ್ತರರ ಕೋಣೆಗೆ ಹೋದಳು.

"ಮಗಳ ಬಾಣಂತನ ಐತ್ರಿ ಸರ. ಗೋಡಿ ಒಂದ ಮಗ್ಗಲಾರ ಬಿಟ್ಟಕೊಡ್ರಿ."

"ತುಳಸವ್ವಾ, ನಿನ್ನ ಕುಳ್ಳು ಈಗ ಕುಳ್ಳಾಗಿ ಉಳದಿಲ್ಲ. ಅದು ಕಲೆ ಆಗೇತಿ."

"ಕಲೆ ನೀರ ಕಾಸತೈತೇನ್ರಿ?"

"ಕಾಲ ಬದಲಾಗೇತಿ. ಗ್ಯಾಸ್ ತಗೋಬೇಕವಾ."

"ನಂಬರ ಹಚ್ಚೇನ್ರಿ. ಮಗಳ ಲಗ್ನದಾಗ ಹಚ್ಚಿದ್ದು. ಆಕೀ ಕೂಸಿನ ಲಗ್ನಕ್ಕ ಬರಬಹುದು."

ವಿರುಪಾಕ್ಷಪ್ಪನವರು ನಕ್ಕರು, ಚಹಾ ತರಿಸಿದರು, ಗೋಡೆ ಮಾತ್ರ ಕೊಡಲಿಲ್ಲ. ತುಳಸವ್ವ ಅಂಗಳದಲ್ಲಿ ಬಡಿದಳು, ಕೋಳಿಗಳು ಕೆದರಿದವು. ರಸ್ತೆಯ ಬದಿಗೆ ಬಡಿದಳು, ಕಬ್ಬಿನ ಗಾಡಿಗಳು ಹಾಯ್ದು ಹೋದವು. ಸೀಮಂತದ ಕುಬಸ ಮುಗಿಸಿಕೊಂಡು ರುಕ್ಮಾ ಬಂದಿಳಿದಾಗ ಒಟ್ಟಿಲು ಮೊಣಕಾಲು ಮುಟ್ಟಿರಲಿಲ್ಲ.

ಒಂದು ಮಧ್ಯಾಹ್ನ ತಲೆಯ ಮೇಲೆ ಸೆಗಣಿಯ ಬುಟ್ಟಿ ಹೊತ್ತು ಅವಳು ಆ ಗೋಡೆಯ ಮುಂದೆ ಸುಮ್ಮನೆ ನಿಂತಳು. ಬಿಸಿಲು ಯಾರಿಗೂ ಬೇಡವಾಗಿ ಸುಣ್ಣದ ಮೇಲೆ ಬಿದ್ದು ಹಾಳಾಗುತ್ತಿತ್ತು. ಮಕ್ಕಳು ಬಲು ನಿಷ್ಠೆಯಿಂದ ಬರೆದಿದ್ದರು. ಅದೇ ಅಳತೆ, ಅದೇ ಸಾಲು. ಅವಳು ಬುಟ್ಟಿ ಇಳಿಸಿ, ಉಂಡೆ ಕಟ್ಟಿ, ಬರೆದ ಕುಳ್ಳಿನ ಮೇಲೆ ನಿಜವಾದ ಕುಳ್ಳು ಬಡಿದಳು. ಸರಿಯಾಗಿ ಕೂತಿತು. ಅದರ ಪಕ್ಕದ್ದರ ಮೇಲೂ ಬಡಿದಳು.

ಹಿಂದೆ ಸೈಕಲ್ಲು ನಿಂತ ಸದ್ದಾಯಿತು. ಪಾರಿಸ ಮಾಸ್ತರರು.

"ನಿಮ್ಮ ಗೀಟಿನ ಹೊರಗ ಹೋಗಿಲ್ರಿ ಮಾಸ್ತರ" ಎಂದಳು ಅವಳು, ತಿರುಗಿ ನೋಡದೆ.

ಮಾಸ್ತರರು ಫಲಕ ನೋಡಿದರು, ಗೋಡೆ ನೋಡಿದರು, ಬಾಗಿಲಲ್ಲಿ ಸೊಂಟ ಹಿಡಿದು ನಿಂತಿದ್ದ ರುಕ್ಮಾಳನ್ನು ನೋಡಿದರು. ಕನ್ನಡಕ ಒರೆಸಿಕೊಂಡರು. "ಎರಡನೇದ್ದು ಸ್ವಲ್ಪ ಎಡಕ್ಕ ಸರದೈತಿ, ತುಳಸವ್ವಾ" ಎಂದು ಹೇಳಿ ಸೈಕಲ್ಲು ಹತ್ತಿ ಹೋದರು.

ಅಂದಿನಿಂದ ಒಣಗಿದ್ದು ಕೀಳುವುದು, ಅದೇ ಜಾಗಕ್ಕೆ ಹಸಿಯದು ಬಡಿಯುವುದು. ಒಟ್ಟಿಲು ಏರತೊಡಗಿತು. ವಿರುಪಾಕ್ಷಪ್ಪನವರು ದಿನಾಲೂ ಅದೇ ದಾರಿಯಲ್ಲಿ ಓಡಾಡುತ್ತಿದ್ದರು. ಗೋಡೆಯ ಕಡೆ ಹೆಮ್ಮೆಯಿಂದ ಕತ್ತು ಹೊರಳಿಸುತ್ತಿದ್ದರೇ ಹೊರತು ನೋಡುತ್ತಿರಲಿಲ್ಲ. "ದಿನಾ ಹೋದಂಗ ಬಣ್ಣ ಕಳೆಗಟ್ಟಾಕತ್ತೈತಿ" ಎಂದು ಒಮ್ಮೆ ಸ್ಟಾಫ್ ರೂಮಿನಲ್ಲಿ ಹೇಳಿದರಂತೆ.

ಶಾಲೆ ಮತ್ತೆ ತೆರೆದ ದಿನಗಳಲ್ಲಿ ಬೆಳಗಾವಿಯಿಂದ ಶಿಕ್ಷಣ ಇಲಾಖೆಯ ಸಾಹೇಬರೊಬ್ಬರು ಬಂದರು. ಬಹುಮಾನದ ಗೋಡೆಯನ್ನು ಕಣ್ಣಾರೆ ನೋಡಬೇಕಿತ್ತು ಅವರಿಗೆ. ಹೊರಸಿನ ಮೇಲೆ ಮಗಳ ಕಾಲು ಒತ್ತುತ್ತಿದ್ದ ತುಳಸವ್ವ ಜೀಪಿನ ಸದ್ದಿಗೆ ಎದ್ದು ಬಂದಳು. ಬೆಳಿಗ್ಗೆ ಬಡಿದದ್ದು ಇನ್ನೂ ಹಸಿಯಾಗಿತ್ತು. ಇಂದು ಗೋಡೆ ಹೋದರೆ ಮತ್ತೆ ಸಿಗುವಂಥದ್ದಲ್ಲ, ಆಕಾಶದಲ್ಲಿ ಮೋಡ ಬೇರೆ ಕೂಡುತ್ತಿತ್ತು.

ಸಾಹೇಬರು ಕೈ ಹಿಂದೆ ಕಟ್ಟಿ ಗೋಡೆಯ ಉದ್ದಕ್ಕೂ ನಡೆದರು.

"ಅದ್ಭುತ. ಹೊಟ್ಟಿನ ಎಳೆ ಎಳೆಸುದ್ದಾ ಕಾಣಸ್ತೈತಿ. ಖರೇ ಹೇಳ್ತೀನಿ ವಿರುಪಾಕ್ಷಪ್ಪ, ವಾಸನಿನೂ ಬಂದಂಗ ಆಗತೈತಿ."

"ಅದು ಕಲೆಯ ಶಕ್ತಿ ಸರ" ಎಂದರು ವಿರುಪಾಕ್ಷಪ್ಪನವರು.

ಸಾಹೇಬರು ಮೆಚ್ಚುಗೆಯಿಂದ ಅಂಗೈ ಚಾಚಿ ಒಂದು ಕುಳ್ಳಿನ ಮೇಲೆ ಇಟ್ಟರು. ಕೈ ಒಳಗಿಳಿಯಿತು.

ವಿರುಪಾಕ್ಷಪ್ಪನವರ ಮುಖ ಗೋಡೆಯ ಸುಣ್ಣದಷ್ಟು ಬೆಳ್ಳಗಾಯಿತು. ಆಗ ಪಾರಿಸ ಮಾಸ್ತರರು ಒಂದು ಹೆಜ್ಜೆ ಮುಂದೆ ಬಂದು, ಪಾಠ ಹೇಳುವ ದನಿಯಲ್ಲಿ ಅಂದರು: "ಬಣ್ಣ ಇನ್ನೂ ಹಸಿ ಐತ್ರಿ ಸರ."

ಸಾಹೇಬರು ಅಂಗೈ ನೋಡಿಕೊಂಡರು. ಮೆಲ್ಲಗೆ ಮೂಗಿನ ಹತ್ತಿರ ತಂದರು. ಅವರೂ ದಿಗ್ಗೇವಾಡಿ ಕಡೆಯ ಒಕ್ಕಲು ಮನೆತನದವರು, ಅದೇನೆಂದು ತಿಳಿಯದೇ ಇರಲಿಲ್ಲ. ಆದರೆ ಅದ್ಭುತ ಎಂದು ಎಲ್ಲರೆದುರು ಹೇಳಿ ಆಗಿತ್ತು. ಪಂಚಮಹಾಭೂತಗಳ ಭಾಷಣ ಮಾಡಿದ ಪರೀಕ್ಷಕರ ಸಮಿತಿಗೆ ಅವರೇ ಅಧ್ಯಕ್ಷರಾಗಿದ್ದರು.

"ಹೌದು, ಹಸಿ ಐತಿ" ಎಂದರು ಸಾಹೇಬರು. "ಒಣಗೂತನಕ ಯಾರೂ ಮುಟ್ಟಬ್ಯಾಡ್ರಿ. ಈ ಗೋಡಿ ಹಿಂಗ ಇರಬೇಕು."

ತುಳಸವ್ವ ತಂಬಿಗೆಯಲ್ಲಿ ನೀರು ತಂದು ಅವರ ಕೈಗೆ ಹೊಯ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಜೀಪು ಹೋದ ಮೇಲೆ ವಿರುಪಾಕ್ಷಪ್ಪನವರು ಬಹಳ ಹೊತ್ತು ಫಲಕದ ಮುಂದೆ ನಿಂತಿದ್ದರು. ಆಮೇಲೆ ಶಾಲೆಯ ಕಡೆ ನಡೆದರು.

ಮಿರಗದ ಮಳೆ ಆ ವರ್ಷ ತಡವಾಗಿ ಬಂತು, ಬಂದದ್ದು ಧೋ ಎಂದು ಸುರಿಯಿತು. ಅಂಥ ಮಳೆಯಲ್ಲೇ ರುಕ್ಮಾ ಗಂಡು ಕೂಸು ಹಡೆದಳು. ತುಳಸವ್ವ ಬಚ್ಚಲ ಒಲೆಗೆ ಕುಳ್ಳು ಒಟ್ಟಿದಳು. ಎಲ್ಲದರ ಕೆಳಗೆ, ಬೆಂಕಿ ತಗಲುವ ಜಾಗಕ್ಕೆ, ಸಾಹೇಬರ ಕೈ ಮೂಡಿದ್ದನ್ನು ಇಟ್ಟಳು. ಅದು ಚೆನ್ನಾಗಿ ಒಣಗಿತ್ತು, ಒಂದೇ ಕಡ್ಡಿಗೆ ಹತ್ತಿಕೊಂಡಿತು.